ಎಳೆ ಉದ್ದವಾದಾಗ



ನಿಮ್ಮಲ್ಲಿ ಹೆಚ್ಚಿನವರ ಊಟ ಈಗಷ್ಟೇ ಮುಗಿದಿರಬಹುದು. ಉಂಡದ್ದು ಅನ್ನ. ಉಟ್ಟಿರುವುದು ಹತ್ತಿಯ ಪಂಚೆ, ಇಲ್ಲವೇ ಹತ್ತಿಯ ಸೀರೆ. ಒಂದು ಹಿಡಿ ಅಕ್ಕಿಯನ್ನೂ ಒಂದು ಚೂರು ಬಟ್ಟೆಯನ್ನೂ ಪ್ರಯೋಗಾಲಯಕ್ಕೆ ಒಯ್ಯೋಣ. ಆಮ್ಲದಲ್ಲಿ ಹಾಕಿ ಅವುಗಳ ಅಣುಗಳನ್ನು ತುಂಡು ತುಂಡು ಮಾಡೋಣ. ಎರಡು ಪಾತ್ರೆಯಲ್ಲೂ ಕೊನೆಗೆ ಸಿಗುವುದು ಒಂದೇ ಸಕ್ಕರೆ. ಅದರ ಹೆಸರು ಗ್ಲುಕೋಸ್. ಸುಸ್ತಾದವರಿಗೆ ನೀರಿನಲ್ಲಿ ಕದಡಿ ಕೊಡುತ್ತೇವಲ್ಲ, ಅದೇ.

ಅನ್ನವೂ ಗ್ಲುಕೋಸು, ಪಂಚೆಯೂ ಗ್ಲುಕೋಸು. ಆದರೂ ಅನ್ನವನ್ನು ಉಡಲಾಗದು, ಪಂಚೆಯನ್ನು ಉಣ್ಣಲಾಗದು. ಅಕ್ಕಿ ಸ್ವಲ್ಪ ಹೊತ್ತು ಕುದಿದರೆ ಮೆತ್ತಗಾಗುತ್ತದೆ. ಪಂಚೆಯನ್ನು ಉಬ್ಬೆಗೆ ಹಾಕಿ ಇಡೀ ರಾತ್ರಿ ಬೇಯಿಸಿದರೂ ಅದು ಪಂಚೆಯಾಗಿಯೇ ಹೊರಗೆ ಬರುತ್ತದೆ.

ವ್ಯತ್ಯಾಸ ಇರುವುದು ಪೋಣಿಸಿದ ರೀತಿಯಲ್ಲಿ. ಎರಡರಲ್ಲೂ ಸಾವಿರಾರು ಗ್ಲುಕೋಸ್ ಅಣುಗಳು ಒಂದಕ್ಕೊಂದು ಸೇರಿ ಉದ್ದನೆಯ ಎಳೆಯಾಗಿವೆ. ಅಕ್ಕಿಯ ಪಿಷ್ಟದಲ್ಲಿ ಎಲ್ಲ ಗ್ಲುಕೋಸುಗಳೂ ಒಂದೇ ಕಡೆಗೆ ಮುಖಮಾಡಿ ಸೇರಿವೆ. ಆಗ ಎಳೆ ಸುರುಳಿ ಸುತ್ತುತ್ತದೆ. ಸುರುಳಿಗಳ ನಡುವೆ ಬಿಸಿನೀರು ಸುಲಭವಾಗಿ ನುಗ್ಗುತ್ತದೆ. ಹತ್ತಿಯಲ್ಲಿ ಒಂದು ಗ್ಲುಕೋಸು ಹೀಗೆ, ಮುಂದಿನದು ಮಗುಚಿ, ಅದರ ಮುಂದಿನದು ಮತ್ತೆ ಹೀಗೆ. ಆಗ ಎಳೆ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗಿನ ಎಳೆಗಳು ಪಕ್ಕಪಕ್ಕ ಮಲಗಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಒಳಗೆ ನೀರಿಗೆ ದಾರಿಯಿಲ್ಲ. ನಮ್ಮ ಹೊಟ್ಟೆಯ ಕಿಣ್ವಗಳು ಮೊದಲ ಬಗೆಯ ಕೊಂಡಿಯನ್ನು ಕತ್ತರಿಸಬಲ್ಲವು. ಎರಡನೆಯದನ್ನು ಕತ್ತರಿಸಲಾರವು. ಎರಡಕ್ಕೂ ನಂಟಂತೂ ಇದೆ. ಗಂಜಿ ಹಾಕಿದ ಪಂಚೆ ಗರಿಗರಿಯಾಗಿ ನಿಲ್ಲುವುದು ಪಿಷ್ಟದ ಎಳೆ ಹತ್ತಿಯ ಎಳೆಗೆ ಚೆನ್ನಾಗಿ ಅಂಟಿಕೊಳ್ಳುವುದರಿಂದ.

ಇಂಥ ಉದ್ದನೆಯ ಅಣುಗಳನ್ನು ಪಾಲಿಮರ್ ಎನ್ನುತ್ತಾರೆ. ಹತ್ತಿ, ಪಿಷ್ಟ, ರೇಷ್ಮೆ, ಉಣ್ಣೆ, ತಲೆಗೂದಲು, ರಬ್ಬರು ಎಲ್ಲವೂ ಪಾಲಿಮರ್. ನೈಲಾನ್, ಟೆರಿಲಿನ್, ಹಾಲಿನ ಪ್ಯಾಕೆಟ್ಟು, ನೀರಿನ ಪೈಪು ಇವೂ ಪಾಲಿಮರ್. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಪಾಲಿಮರ್ ಯಾವುದರಿಂದ ಆಗಿದೆ ಎಂದು ತಿಳಿದರೆ ಅರ್ಧ ತಿಳಿದಂತೆ. ಎಳೆ ಎಷ್ಟು ಉದ್ದ, ಎಳೆಗಳು ಹೇಗೆ ಮಲಗಿವೆ ಎಂಬುದರಲ್ಲಿ ಉಳಿದ ಅರ್ಧ ಇದೆ.

ಮೊದಲು ಉದ್ದದ ಮಾತು.

ಇಂಗಾಲ ಮತ್ತು ಜಲಜನಕ, ಈ ಎರಡನ್ನೇ ತೆಗೆದುಕೊಳ್ಳಿ. ಮೂರು ನಾಲ್ಕು ಇಂಗಾಲದ ಪರಮಾಣುಗಳು ಸಾಲಾಗಿ ಸೇರಿ, ಸುತ್ತ ಜಲಜನಕ ಹತ್ತಿಕೊಂಡರೆ ಅದು ಅನಿಲ. ಅಡುಗೆಮನೆಯ ಸಿಲಿಂಡರಿನಲ್ಲಿರುವುದು ಅದೇ. ಸಾಲು ಏಳೆಂಟಕ್ಕೆ ಬೆಳೆದರೆ ದ್ರವ, ಪೆಟ್ರೋಲಿನ ಜಾತಿಯದು. ಹನ್ನೆರಡು ಹದಿಮೂರಕ್ಕೆ ಬಂದರೆ ಸೀಮೆಎಣ್ಣೆ. ಮೂವತ್ತರ ಆಸುಪಾಸಿಗೆ ಬಂದರೆ ಗಟ್ಟಿಯಾಗುತ್ತದೆ. ಅದು ಮೇಣದ ಬತ್ತಿ. ಹಾಗೇ ಬೆಳೆಸುತ್ತ ಹೋಗಿ. ಸಾಲು ಕೆಲವು ಸಾವಿರ ಇಂಗಾಲಕ್ಕೆ ಮುಟ್ಟಿದಾಗ ಕೈಗೆ ಬರುವುದು ಪಾಲಿಥಿನ್. ಬೆಳಿಗ್ಗೆ ಹಾಲು ಬರುವ ಪ್ಯಾಕೆಟ್ಟು.

ಸಿಲಿಂಡರಿನಿಂದ ಹಾಲಿನ ಪ್ಯಾಕೆಟ್ಟಿನವರೆಗೆ ಹೊಸದಾಗಿ ಏನನ್ನೂ ಬೆರೆಸಲಿಲ್ಲ. ಉದ್ದ ಬೆಳೆಯಿತು, ಅಷ್ಟೇ.

ಇಲ್ಲಿ ಒಂದು ಅನುಮಾನ ಬರಬೇಕು. ಮೇಣದ ಬತ್ತಿಯೂ ಹಾಲಿನ ಪ್ಯಾಕೆಟ್ಟೂ ಒಂದೇ ವಂಶ. ಮುಟ್ಟಿದರೆ ಎರಡೂ ತುಸು ಜಾರುತ್ತವೆ. ನೀರು ಎರಡಕ್ಕೂ ಅಂಟುವುದಿಲ್ಲ. ಆದರೆ ಮೇಣದ ಬತ್ತಿಯನ್ನು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಪ್ಯಾಕೆಟ್ಟನ್ನು ಎಳೆದರೆ ಹಿಗ್ಗುತ್ತದೆ, ಬೇಗ ಹರಿಯುವುದಿಲ್ಲ. ಯಾಕೆ?

ಒಂದು ತಟ್ಟೆ ಒತ್ತು ಶಾವಿಗೆಯನ್ನು ನೆನೆಸಿಕೊಳ್ಳಿ. ಎಳೆಗಳು ಉದ್ದವಾಗಿದ್ದರೆ ಒಂದನ್ನು ಹಿಡಿದು ಎತ್ತಿದಾಗ ಇನ್ನೂ ನಾಲ್ಕು ಜೊತೆಗೆ ಏಳುತ್ತವೆ. ಒಂದರ ಕೆಳಗೊಂದು, ಒಂದರ ಮೇಲೊಂದು ಸಿಕ್ಕಿಕೊಂಡಿರುತ್ತವೆ. ಅದೇ ಶಾವಿಗೆಯನ್ನು ಚಮಚದಿಂದ ಸಣ್ಣಗೆ ಕತ್ತರಿಸಿದರೆ ಸಿಕ್ಕು ಹೋಯಿತು, ಉದುರುದುರಾಯಿತು. ಮೇಣದಲ್ಲಿರುವುದು ಕತ್ತರಿಸಿದ ಶಾವಿಗೆ, ಪಾಲಿಥಿನ್ನಿನಲ್ಲಿರುವುದು ಉದ್ದ ಶಾವಿಗೆ. ಈ ಹೋಲಿಕೆಯಲ್ಲಿ ಅಳತೆಯೂ ಒಂದು ಮಟ್ಟಿಗೆ ಹೊಂದುತ್ತದೆ. ಪಾಲಿಥಿನ್ ಎಳೆಯನ್ನು ಒಂದು ಮಿಲಿಮೀಟರ್ ದಪ್ಪಕ್ಕೆ ಹಿಗ್ಗಿಸಿ ನೋಡುವಂತಿದ್ದರೆ ಅದರ ಉದ್ದ ಎರಡು ಮೀಟರಿನ ಆಸುಪಾಸು ಇರುತ್ತಿತ್ತು.

ಇನ್ನೂ ಉದ್ದ ಮಾಡಿದರೆ? ಅದನ್ನೂ ಮಾಡಿದ್ದಾರೆ. ಅದೇ ಎಳೆಯಲ್ಲಿ ಲಕ್ಷಗಟ್ಟಲೆ ಇಂಗಾಲಗಳನ್ನು ಸೇರಿಸಿದರೆ ಸಿಗುವ ಪಾಲಿಥಿನ್ ಎಷ್ಟು ಗಟ್ಟಿ ಎಂದರೆ, ಸವೆದ ಮೊಣಕಾಲಿನ ಕೀಲನ್ನು ಬದಲಿಸುವಾಗ ಲೋಹದ ಎರಡು ಭಾಗಗಳ ನಡುವೆ ಇಡುವ ಮೆತ್ತೆ ಅದೇ. ವರ್ಷಗಟ್ಟಲೆ ಮೈಭಾರ ಹೊತ್ತು ಉಜ್ಜಿಕೊಂಡರೂ ನಿಧಾನವಾಗಿ ಮಾತ್ರ ಸವೆಯುತ್ತದೆ. ಇದನ್ನು ಕಾಯಿಸಿದರೆ ಹರಿಯುವುದೂ ಇಲ್ಲ. ಸಿಕ್ಕು ಅಷ್ಟು ಬಲವಾಗಿದೆ. ಹಾಗಾಗಿ ಒತ್ತಡದಲ್ಲಿ ಅಚ್ಚು ಹಾಕುತ್ತಾರೆ. ಹಾಲಿನ ಪ್ಯಾಕೆಟ್ಟು ಮತ್ತು ಅಜ್ಜಿಯ ಹೊಸ ಮೊಣಕಾಲು ಒಂದೇ ಸಾಮಗ್ರಿ ಎಂದರೆ ಯಾರೂ ನಂಬುವುದಿಲ್ಲ.

ನಂಬದಿರುವುದು ಹೊಸದೂ ಅಲ್ಲ. ಒಂದು ನೂರು ವರ್ಷದ ಹಿಂದೆ ರಸಾಯನ ವಿಜ್ಞಾನಿಗಳೇ ಇದನ್ನು ನಂಬಲಿಲ್ಲ. ಆ ಜಗಳವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1920. ಸ್ವಿಟ್ಜರ್ಲೆಂಡಿನ ಜ್ಯೂರಿಕ್. ಹರ್ಮನ್ ಸ್ಟೌಡಿಂಗರ್ ಎಂಬ ಜರ್ಮನ್ ಪ್ರಾಧ್ಯಾಪಕರು ಒಂದು ಲೇಖನ ಬರೆದರು. ರಬ್ಬರಿನಂಥ ವಸ್ತುಗಳಲ್ಲಿರುವುದು ನಿಜವಾಗಿಯೂ ದೈತ್ಯ ಅಣುಗಳು ಎಂದರು. ಸಣ್ಣ ಅಣುಗಳು ಸಾಮಾನ್ಯ ರಾಸಾಯನಿಕ ಬಂಧದಿಂದಲೇ ಸಾವಿರಗಟ್ಟಲೆ ಸೇರಿವೆ ಎಂಬುದು ಅವರ ವಾದ. ಆಗಿನ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಸಣ್ಣ ಅಣುಗಳೇ ಯಾವುದೋ ದುರ್ಬಲ ಸೆಳೆತದಿಂದ ಗುಂಪುಗೂಡಿವೆ, ಅದಕ್ಕೇ ದೊಡ್ಡದಾಗಿ ಕಾಣುತ್ತವೆ ಎಂಬುದು ಅವರ ನಂಬಿಕೆ.

ಆ ವಿರೋಧಿಗಳು ಮಂಕರಾಗಿರಲಿಲ್ಲ. ಇಂಥ ಕಥೆಗಳಲ್ಲಿ ಒಬ್ಬ ಜಾಣ, ಉಳಿದವರೆಲ್ಲ ದಡ್ಡರು ಎಂದು ಹೇಳಿಬಿಡುವ ರೂಢಿ ನನಗೆ ಹಿಡಿಸದು. ಅವರ ಕೈಯಲ್ಲಿ ಒಳ್ಳೆಯ ಸಾಕ್ಷ್ಯವೇ ಇತ್ತು. ಹತ್ತಿಯ ನಾರಿಗೆ ಎಕ್ಸ್-ಕಿರಣ ಹಾಯಿಸಿ ನೋಡಿದ್ದರು. ಒಳಗೆ ಸ್ಫಟಿಕದಂಥ ಕ್ರಮಬದ್ಧ ಜೋಡಣೆ ಕಂಡಿತ್ತು. ಆ ಜೋಡಣೆಯಲ್ಲಿ ಮತ್ತೆ ಮತ್ತೆ ಬರುವ ಸಣ್ಣ ಕೋಶವೊಂದಿತ್ತು. ಅಣು ಆ ಕೋಶಕ್ಕಿಂತ ದೊಡ್ಡದಾಗಿರಲು ಹೇಗೆ ಸಾಧ್ಯ ಎಂದು ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು. ಒಂದೇ ಎಳೆ ಒಂದು ಕೋಶದಿಂದ ಹೊರಟು ಮುಂದಿನ ಕೋಶ, ಅದರ ಮುಂದಿನ ಕೋಶ ಹೀಗೆ ಹಾದುಹೋಗಬಹುದು ಎಂಬ ಉತ್ತರ ಹೊಳೆಯಲು ಕೆಲವು ವರ್ಷ ಬೇಕಾಯಿತು.

ಸ್ಟೌಡಿಂಗರ್ ತಮ್ಮ ವಾದವನ್ನು ರಬ್ಬರಿನ ಮೇಲೆ ಪರೀಕ್ಷಿಸಿದರು. ರಬ್ಬರಿನ ಅಣುವಿನಲ್ಲಿ ಅಲ್ಲಲ್ಲಿ ಜೋಡಿ ಬಂಧಗಳಿವೆ. ಗುಂಪುಗೂಡಿಸುವ ಸೆಳೆತ ಅಲ್ಲಿಂದಲೇ ಹುಟ್ಟುತ್ತದೆ ಎಂದು ವಿರೋಧಿಗಳು ಹೇಳುತ್ತಿದ್ದರು. ಇವರು ಜಲಜನಕ ಸೇರಿಸಿ ಆ ಜೋಡಿ ಬಂಧಗಳನ್ನು ಇಲ್ಲವಾಗಿಸಿದರು. ವಿರೋಧಿಗಳ ಮಾತು ನಿಜವಾಗಿದ್ದರೆ ಸೆಳೆತ ಹೋಗಬೇಕು, ಗುಂಪು ಚದುರಬೇಕು, ಬಟ್ಟಿ ಇಳಿಸಬಹುದಾದ ಸಣ್ಣ ಅಣುಗಳು ಸಿಗಬೇಕು. ಹಾಗೆ ಏನೂ ಆಗಲಿಲ್ಲ. ರಬ್ಬರು ಮೊದಲಿನಂತೆಯೇ ದೊಡ್ಡ ಅಣುವಾಗಿ ಉಳಿಯಿತು. ವಾದ ಅಷ್ಟಕ್ಕೇ ನಿಲ್ಲಲಿಲ್ಲ. 1920ರ ದಶಕ ಪೂರ್ತಿ ನಡೆಯಿತು. ಸ್ಟೌಡಿಂಗರ್ ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ. ಆಗ ಅವರಿಗೆ 72 ವರ್ಷ. ಅಷ್ಟರಲ್ಲಿ ಅಮೆರಿಕದ ವಾಲೇಸ್ ಕರೋಥರ್ಸ್ ಉದ್ದ ಎಳೆಯನ್ನು ಲೆಕ್ಕ ಹಾಕಿ ಕಟ್ಟಿ 1935ರಲ್ಲಿ ನೈಲಾನ್ ಮಾಡಿ ಆಗಿತ್ತು. ನೈಲಾನ್ ಕಾಲುಚೀಲ ಅಂಗಡಿಗೆ ಬಂದು ಹದಿಮೂರು ವರ್ಷ ಕಳೆದಿತ್ತು. ಪ್ರಶಸ್ತಿಗಿಂತ ಬಳಕೆ ಮೊದಲು ಬಂತು.

ಇಲ್ಲಿಯವರೆಗೆ ಬಂದದ್ದು ಇಷ್ಟು. ಪಾಲಿಮರ್ ಎಂದರೆ ಉದ್ದದ ಎಳೆ. ಉದ್ದ ಹೆಚ್ಚಿದರೆ ಸಿಕ್ಕು ಹೆಚ್ಚು. ಸಿಕ್ಕು ಹೆಚ್ಚಿದರೆ ಬಲ ಹೆಚ್ಚು. ಈಗ ಎಳೆಯ ಆಕಾರಕ್ಕೆ ಬರೋಣ.

ಇದಕ್ಕೆ ನಿಮ್ಮ ಕಿವಿ ಸಾಕು. ಮನೆಯಲ್ಲಿ ಖಾಲಿ ಹಾಲಿನ ಪ್ಯಾಕೆಟ್ಟು ಇದ್ದರೆ ಕೈಯಲ್ಲಿ ಮುದುಡಿ. ಹೆಚ್ಚು ಸದ್ದು ಬರುವುದಿಲ್ಲ. ಇನ್ನೊಂದು ಬಗೆಯ ತೆಳು ಕೈಚೀಲ ನೆನೆಸಿಕೊಳ್ಳಿ. ಸಂತೆಯಲ್ಲಿ ಸೊಪ್ಪು ತರಕಾರಿ ಹಾಕಿಕೊಡುತ್ತಿದ್ದದ್ದು. ನಮ್ಮ ರಾಜ್ಯದಲ್ಲಿ ಅದಕ್ಕೆ 2016ರಲ್ಲೇ ನಿಷೇಧ ಬಂದಿದೆ, ಸಂತೆಗೆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ. ಅದನ್ನು ಮುಟ್ಟಿದರೆ ಸಾಕು, ಪರಪರ ಸದ್ದು. ಎರಡೂ ಪಾಲಿಥಿನ್ನೇ. ಒಂದು ಮೆತ್ತಗೆ, ಇನ್ನೊಂದು ಬಿರುಸು.

ಮೆತ್ತಗಿನದು ಮೊದಲು ಹುಟ್ಟಿತು, ಅದೂ ಅಚಾನಕ್ಕಾಗಿ. 1933ರ ಮಾರ್ಚ್ ತಿಂಗಳು. ಇಂಗ್ಲೆಂಡಿನ ವಿನಿಂಗ್ಟನ್ ಎಂಬಲ್ಲಿ ಫಾಸೆಟ್ ಮತ್ತು ಗಿಬ್ಸನ್ ಎಂಬ ಇಬ್ಬರು ಎಥಿಲೀನ್ ಅನಿಲವನ್ನು ಭಾರಿ ಒತ್ತಡಕ್ಕೆ ಒಳಪಡಿಸುತ್ತಿದ್ದರು. ಹಣ್ಣು ಮಾಗಿಸುವ ಕೋಣೆಗಳಲ್ಲಿ ಬಾಳೆಗೊನೆಗೆ ಕೊಡುವುದು ಇದೇ ಅನಿಲ. ಒತ್ತಡ ನಮ್ಮ ಸುತ್ತಲಿನ ಗಾಳಿಯದಕ್ಕಿಂತ ಸುಮಾರು 2,000 ಪಟ್ಟು. ಇನ್ನೊಂದು ವಸ್ತುವಿನ ಜೊತೆ ಅದು ಕೂಡುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಕೂಡಲಿಲ್ಲ. ಪಾತ್ರೆಯ ಒಳಗೆ ಮೇಣದಂಥ ಸ್ವಲ್ಪ ಬಿಳಿ ವಸ್ತು ಮೆತ್ತಿತ್ತು. ಮತ್ತೆ ಮಾಡಹೋದಾಗ ಸ್ಫೋಟವಾಯಿತು. ಕೆಲಸ ನಿಂತಿತು. 1935ರಲ್ಲಿ ಬೇರೆಯವರು ಮುಂದುವರಿಸಿದಾಗ ಗುಟ್ಟು ಗೊತ್ತಾಯಿತು. ಅನಿಲದಲ್ಲಿ ತುಸು ಆಮ್ಲಜನಕ ಬೆರಕೆಯಾಗಿತ್ತು. ಎಳೆ ಕಟ್ಟುವ ಕೆಲಸ ಶುರು ಮಾಡಿಸಿದ್ದು ಆ ಬೆರಕೆ. ಎರಡನೇ ಮಹಾಯುದ್ಧದಲ್ಲಿ ರೇಡಾರಿನ ತಂತಿಗೆ ಹೊದಿಕೆಯಾಗಿ ಈ ಪಾಲಿಥಿನ್ ಬಹಳ ಕೆಲಸಕ್ಕೆ ಬಂತು.

ಅಷ್ಟು ಒತ್ತಡದಲ್ಲಿ ಅವಸರದಿಂದ ಬೆಳೆದ ಎಳೆ ನೆಟ್ಟಗಿರುವುದಿಲ್ಲ. ಅಲ್ಲಲ್ಲಿ ಕವಲೊಡೆಯುತ್ತದೆ. ಸಾವಿರ ಇಂಗಾಲಕ್ಕೆ ಇಪ್ಪತ್ತು ಮೂವತ್ತು ಕವಲುಗಳು. ಕವಲಿರುವ ಎಳೆಗಳು ಪಕ್ಕಪಕ್ಕ ಒತ್ತಾಗಿ ಮಲಗಲಾರವು. ನಡುವೆ ಜಾಗ ಉಳಿಯುತ್ತದೆ. ಅದಕ್ಕೇ ವಸ್ತು ಮೆತ್ತಗೆ, ಹಗುರ.

ಬಿರುಸಿನದು ಬಂದದ್ದು ಇಪ್ಪತ್ತು ವರ್ಷದ ಮೇಲೆ. 1953ರಲ್ಲಿ ಜರ್ಮನಿಯ ಮುಲ್‌ಹೈಮ್ ಊರಿನಲ್ಲಿ ಕಾರ್ಲ್ ಜೀಗ್ಲರ್ ಅದೇ ಎಥಿಲೀನನ್ನು ಸಾಧಾರಣ ಒತ್ತಡದಲ್ಲೇ ಪೋಣಿಸಿದರು. ಟೈಟಾನಿಯಂ ಮತ್ತು ಅಲ್ಯೂಮಿನಿಯಂ ಸೇರಿದ ಒಂದು ವೇಗವರ್ಧಕ ಬಳಸಿದರು. ಘಟಕಗಳು ಒಂದೊಂದಾಗಿ ತುದಿಗೆ ಬಂದು ಸೇರಿದವು. ಕವಲು ಬಹುತೇಕ ಇಲ್ಲ. ನೆಟ್ಟಗಿನ ಎಳೆಗಳು ಒತ್ತಾಗಿ ಮಲಗಿದವು. ವಸ್ತು ಗಟ್ಟಿಯಾಯಿತು. ಬೋರ್‌ವೆಲ್ಲಿಗೆ ಇಳಿಬಿಡುವ ಕಪ್ಪು ಪೈಪು, ಎಣ್ಣೆ ಕ್ಯಾನು ಇವೆಲ್ಲ ಈ ಬಗೆಯವು. ಮೆತ್ತಗಿನದು 110 ಡಿಗ್ರಿಯ ಸುಮಾರಿಗೆ ಕರಗಿದರೆ ಇದು 130ರ ಸುಮಾರಿಗೆ ಕರಗುತ್ತದೆ.

ಮರುವರ್ಷ ಇಟಲಿಯ ಜೂಲಿಯೊ ನಟ್ಟಾ ಇದೇ ವಿದ್ಯೆಯನ್ನು ಎಥಿಲೀನಿನ ಅಣ್ಣನಂಥ ಪ್ರೊಪಿಲೀನ್ ಮೇಲೆ ಪ್ರಯೋಗಿಸಿದರು. ಅದರ ಪ್ರತಿ ಘಟಕದಲ್ಲೂ ಒಂದು ಇಂಗಾಲ ಹೊರಚಾಚಿರುತ್ತದೆ. ಆ ಚಾಚುಗಳು ಮನಸ್ಸಿಗೆ ಬಂದ ಕಡೆ ಇದ್ದರೆ ಸಿಗುವುದು ಅಂಟಂಟು ಮುದ್ದೆ. ಎಲ್ಲವೂ ಒಂದೇ ಕಡೆ ಸಾಲಾಗಿದ್ದರೆ ಸಿಗುವುದು ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿ. ಅಕ್ಕಿಯ ಚೀಲ. ಜೀಗ್ಲರ್, ನಟ್ಟಾ ಇಬ್ಬರಿಗೂ 1963ರಲ್ಲಿ ನೊಬೆಲ್ ಬಂತು.

ಉದ್ದ ಆಯಿತು, ಆಕಾರ ಆಯಿತು. ಒಂದೇ ಘಟಕ, ಕವಲಿದ್ದರೆ ಮೆತ್ತಗೆ, ನೆಟ್ಟಗಿದ್ದರೆ ಗಟ್ಟಿ. ಈಗ ಎಳೆಗಳ ಚಲನೆಯ ಮಾತು. ಇದಕ್ಕೆ ಒಂದು ರಬ್ಬರ್ ಬ್ಯಾಂಡು ಬೇಕು. ಹತ್ತಿರ ಇದ್ದರೆ ತಂದುಕೊಳ್ಳಿ. ಅಗಲವಾದದ್ದಾದರೆ ಒಳ್ಳೆಯದು.

ಬ್ಯಾಂಡನ್ನು ಎರಡು ಕೈಯಲ್ಲಿ ಹಿಡಿದು ಮೇಲುತುಟಿಗೆ ತಾಗಿಸಿ. ಈಗ ಸರಕ್ಕನೆ ಹಿಗ್ಗಿಸಿ, ಮತ್ತೆ ತುಟಿಗೆ ತಾಗಿಸಿ. ತುಸು ಬೆಚ್ಚಗಾಗಿರುತ್ತದೆ. ಹಿಗ್ಗಿಸಿಕೊಂಡೇ ಸ್ವಲ್ಪ ಹೊತ್ತು ತಡೆಯಿರಿ. ಬಿಸಿ ಆರಲಿ. ಈಗ ಸಡಿಲ ಬಿಟ್ಟು ತಕ್ಷಣ ತಾಗಿಸಿ. ತಣ್ಣಗಿರುತ್ತದೆ.

ಇದನ್ನು ಮೊದಲು ಗಮನಿಸಿ ಬರೆದವರು ಇಂಗ್ಲೆಂಡಿನ ಕೆಂಡಲ್ ಊರಿನ ಜಾನ್ ಗಫ್. ಇಸವಿ 1805. ಗಫ್ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಎಳೆಯ ವಯಸ್ಸಿನಲ್ಲೇ ಸಿಡುಬು ಬಂದು ದೃಷ್ಟಿ ಹೋಗಿತ್ತು. ಗಿಡಗಳನ್ನೂ ಅವರು ಮುಟ್ಟಿಯೇ ಗುರುತಿಸುತ್ತಿದ್ದರಂತೆ. ಕಣ್ಣಿದ್ದವರೆಲ್ಲ ರಬ್ಬರು ಎಷ್ಟು ಉದ್ದ ಹಿಗ್ಗಿತು ಎಂದು ನೋಡುತ್ತಿದ್ದಾಗ ಅವರು ತುಟಿಗೆ ತಾಗಿಸಿ ನೋಡಿದರು. ಐವತ್ತು ವರ್ಷಗಳ ಮೇಲೆ ಜೂಲ್ ಎಂಬ ವಿಜ್ಞಾನಿ ಆ ಬಿಸಿಯನ್ನು ಅಳೆದು ಲೆಕ್ಕ ಕೊಟ್ಟರು.

ಇದರ ಅರ್ಥ ಏನು? ರಬ್ಬರಿನ ಎಳೆ ಸುಮ್ಮನೆ ಬಿದ್ದಿರುವುದಿಲ್ಲ. ಸದಾ ಮಿಸುಕಾಡುತ್ತಿರುತ್ತದೆ. ಮುದುಡಿಕೊಳ್ಳಲು ಅದಕ್ಕೆ ಲೆಕ್ಕವಿಲ್ಲದಷ್ಟು ಬಗೆಗಳಿವೆ. ನೆಟ್ಟಗಿರಲು ಬಗೆಗಳು ಬಹಳ ಕಡಿಮೆ. ನಾವು ಎಳೆದಾಗ ಆ ಸ್ವಾತಂತ್ರ್ಯ ಕಿತ್ತುಕೊಳ್ಳುತ್ತೇವೆ. ನಾವು ಹಾಕಿದ ಶ್ರಮ ಬಿಸಿಯಾಗಿ ಹೊರಬರುತ್ತದೆ. ಬಿಟ್ಟಾಗ ಎಳೆಗಳು ಮಿಸುಕಾಡಿ ಮಿಸುಕಾಡಿ ತಾವಾಗಿಯೇ ಮುದುಡುತ್ತವೆ. ಇದು ಉಕ್ಕಿನ ಸ್ಪ್ರಿಂಗಿನ ನಡತೆಗಿಂತ ಪೂರ್ತಿ ಬೇರೆ. ಭಾರ ನೇತುಹಾಕಿದ ಸ್ಪ್ರಿಂಗನ್ನು ಕಾಯಿಸಿದರೆ ತುಸು ಉದ್ದವಾಗುತ್ತದೆ. ಭಾರ ನೇತುಹಾಕಿದ ರಬ್ಬರ್ ಬ್ಯಾಂಡಿಗೆ ಬಿಸಿಗಾಳಿ ಹಿಡಿದರೆ ಗಿಡ್ಡವಾಗಿ ಭಾರವನ್ನು ಮೇಲೆತ್ತುತ್ತದೆ. ಬಿಸಿ ಹೆಚ್ಚಿದಂತೆ ಮಿಸುಕಾಟ ಹೆಚ್ಚು, ಮುದುಡುವ ಹಟವೂ ಹೆಚ್ಚು.

ಆದರೆ ಒಂದು ತೊಡಕಿದೆ. ಮರದಿಂದ ಇಳಿದ ರಬ್ಬರು ಹೀಗಿರುವುದಿಲ್ಲ. ಸುಳ್ಯ, ಪುತ್ತೂರಿನ ಕಡೆಯ ಕೇಳುಗರಿಗೆ ಇದು ಗೊತ್ತು. ಬೆಳಗಿನ ಜಾವ ಟ್ಯಾಪಿಂಗ್ ಮಾಡಿ, ಹಾಲು ಸಂಗ್ರಹಿಸಿ, ಆಮ್ಲ ಹಾಕಿ ಹೆಪ್ಪುಗಟ್ಟಿಸಿ, ಶೀಟು ಮಾಡಿ ಹೊಗೆಮನೆಯಲ್ಲಿ ಒಣಗಿಸುತ್ತಾರೆ. ಆ ಶೀಟನ್ನು ಎಳೆದು ತುಂಬ ಹೊತ್ತು ಹಿಡಿದರೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಎಳೆಗಳು ಒಂದರ ಮೇಲೊಂದು ಜಾರಿಬಿಡುತ್ತವೆ. ಬಿಸಿಲಿಗೆ ಅಂಟಂಟಾಗುತ್ತದೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ಇಂಥ ಹಸಿ ರಬ್ಬರಿನ ಮಳೆಕೋಟು ಮಾರಿ ವ್ಯಾಪಾರಿಗಳು ಕೈಸುಟ್ಟುಕೊಂಡರು. ಬೇಸಿಗೆಯಲ್ಲಿ ಕರಗಿ ನಾರುತ್ತಿತ್ತು, ಚಳಿಗಾಲದಲ್ಲಿ ಸೆಟೆದು ನಿಲ್ಲುತ್ತಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಈ ಕಾಟ ತಪ್ಪುತ್ತದೆ ಎಂದು ಕಂಡುಕೊಂಡರು. ಗಂಧಕ ಮಾಡುವ ಕೆಲಸ ಇಷ್ಟೇ. ಒಂದು ಎಳೆಗೂ ಪಕ್ಕದ ಎಳೆಗೂ ಅಲ್ಲಲ್ಲಿ ಅಡ್ಡಕೊಂಡಿ ಹಾಕುತ್ತದೆ. ಎಳೆಗಳು ಮಿಸುಕಾಡಬಹುದು, ಜಾರಿಹೋಗಲಾರವು. ನೂರಕ್ಕೆ ಎರಡು ಮೂರು ಪಾಲು ಗಂಧಕ ಹಾಕಿದರೆ ರಬ್ಬರ್ ಬ್ಯಾಂಡು. ಮೂವತ್ತು ಪಾಲು ಹಾಕಿದರೆ ಕೊಂಡಿ ಎಷ್ಟು ಹೆಚ್ಚುತ್ತದೆ ಎಂದರೆ ಮಿಸುಕಾಟವೇ ನಿಲ್ಲುತ್ತದೆ. ಅದು ಎಬೊನೈಟ್. ಹಳೆಯ ಕಾಲದ ಒಳ್ಳೆಯ ಮಸಿಪೆನ್ನುಗಳ ಗಟ್ಟಿ ಕಪ್ಪು ಮೈ.

ರಬ್ಬರಿಗೆ ಒಬ್ಬ ಬಿಗಿಮೈಯ ತಮ್ಮನೂ ಇದ್ದಾನೆ. ಗಟ್ಟಾಪರ್ಚಾ ಎಂದು ಹೆಸರು. ಮಲಯಾದ ಕಡೆಯ ಒಂದು ಮರದ ಹಾಲು. ಘಟಕ ರಬ್ಬರಿನದೇ. ಸೇರುವ ಕೋನ ಮಾತ್ರ ಬೇರೆ. ಎಳೆ ಮುದುಡದೆ ನೆಟ್ಟಗೆ ಮಲಗುತ್ತದೆ, ವಸ್ತು ತೊಗಲಿನಂತೆ ಗಟ್ಟಿ. ಸಮುದ್ರದ ತಳದಲ್ಲಿ ಹಾಸಿದ ಮೊದಮೊದಲ ತಂತಿಗಳಿಗೆ ಇದನ್ನೇ ಹೊದಿಸಿದ್ದರು. ಇವತ್ತೂ ಹಲ್ಲಿನ ಡಾಕ್ಟರು ಬೇರುನಾಳದ ಚಿಕಿತ್ಸೆ ಮಾಡಿ ಒಳಗೆ ತುಂಬುವುದು ಇದನ್ನೇ.

ಎಳೆ ಮಿಸುಕಾಡುತ್ತದೆ, ಬಿಸಿ ಹೆಚ್ಚಿದರೆ ಹೆಚ್ಚು ಮಿಸುಕಾಡುತ್ತದೆ ಎಂದೆ. ಹಾಗಾದರೆ ತಣ್ಣಗಾಗುತ್ತ ಹೋದರೆ ಒಂದು ಹಂತದಲ್ಲಿ ಮಿಸುಕಾಟ ನಿಲ್ಲಬೇಕಲ್ಲ? ನಿಲ್ಲುತ್ತದೆ. ಆಗ ವಸ್ತು ಗಾಜಿನ ಹಾಗೆ ಬಿರುಸಾಗುತ್ತದೆ. ಪ್ರತಿ ಪಾಲಿಮರಿಗೂ ಅದರದೇ ಆದ ಒಂದು ಗೆರೆ. ರಬ್ಬರಿನ ಗೆರೆ ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗೆ. ಅದಕ್ಕೇ ನಮಗೆ ರಬ್ಬರು ಯಾವಾಗಲೂ ರಬ್ಬರಾಗಿಯೇ ಕಾಣುತ್ತದೆ. ಕುರ್ಚಿಯ ಪ್ಲಾಸ್ಟಿಕ್ಕಿನ ಗೆರೆ ಸೊನ್ನೆಯ ಆಸುಪಾಸು. ಮಡಿಕೇರಿಯ ಚಳಿಗೂ ಅದು ಹೆದರಬೇಕಿಲ್ಲ. ಕಾಶ್ಮೀರದ ಚಳಿಗಾಲದಲ್ಲಿ ಹೊರಗೆ ಬಿಟ್ಟ ಅಗ್ಗದ ಕುರ್ಚಿ ಪೆಟ್ಟು ಬಿದ್ದರೆ ಒಡೆಯಬಹುದು. ಕುಡಿಯುವ ನೀರಿನ ಬಾಟಲಿಯ ಗೆರೆ 75 ಡಿಗ್ರಿಯ ಸುಮಾರು. ಅದರಲ್ಲಿ ಕುದಿಯುವ ನೀರು ಹಾಕಿದರೆ ಬಾಟಲಿ ಸೊರಗಿ ಮುದುಡುತ್ತದೆ. ಹಿಗ್ಗಿಸಿ ತಣಿಸಿಟ್ಟಿದ್ದ ಎಳೆಗಳಿಗೆ ಮತ್ತೆ ಮಿಸುಕಾಟ ಬಂದು ಹಿಂದಕ್ಕೆ ಸರಿಯುತ್ತವೆ.

ಗೆರೆಯ ಹತ್ತಿರಕ್ಕೆ ಹೋದರೂ ಸಾಕು, ಅಪಾಯ. 1986ರ ಜನವರಿ 28. ಅಮೆರಿಕದ ಚಾಲೆಂಜರ್ ಎಂಬ ಗಗನನೌಕೆ ಹಾರಿದ ಒಂದು ನಿಮಿಷದ ಮೇಲೆ ಸಿಡಿದು ಏಳು ಮಂದಿ ತೀರಿಕೊಂಡರು. ಹಿಂದಿನ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಇತ್ತು. ರಾಕೆಟ್ಟಿನ ಕೀಲುಗಳ ನಡುವೆ ಬಿಸಿ ಅನಿಲ ಸೋರದಂತೆ ರಬ್ಬರಿನ ಬಳೆಗಳಿದ್ದವು. ಕೀಲು ತುಸು ತೆರೆದಾಗ ಆ ಬಳೆ ತಕ್ಷಣ ಉಬ್ಬಿ ಸಂದು ಮುಚ್ಚಬೇಕಿತ್ತು. ಚಳಿಗೆ ಎಳೆಗಳು ನಿಧಾನವಾಗಿದ್ದವು, ಹೊತ್ತಿಗೆ ಸರಿಯಾಗಿ ಮುಚ್ಚಲಿಲ್ಲ. ವಿಚಾರಣೆಯಲ್ಲಿ ರಿಚರ್ಡ್ ಫೈನ್‌ಮನ್ ಎಂಬ ಭೌತವಿಜ್ಞಾನಿ ಆ ರಬ್ಬರಿನ ಚೂರನ್ನು ಇಕ್ಕಳದಲ್ಲಿ ಅದುಮಿ ಮುಂದಿದ್ದ ಮಂಜುಗಡ್ಡೆ ನೀರಿನ ಲೋಟದಲ್ಲಿ ಅದ್ದಿದರು. ತೆಗೆದು ಇಕ್ಕಳ ಸಡಿಲಿಸಿದರೂ ರಬ್ಬರು ಕೆಲ ಕ್ಷಣ ಅದುಮಿದಂತೆಯೇ ಇತ್ತು. ನೂರಾರು ಪುಟದ ವರದಿಗಿಂತ ಆ ಲೋಟವೇ ಜನಕ್ಕೆ ನೆನಪಿನಲ್ಲಿ ಉಳಿಯಿತು.

ಉದ್ದ, ಆಕಾರ, ಅಡ್ಡಕೊಂಡಿ, ಮಿಸುಕಾಟ, ಇಷ್ಟಾಯಿತು. ಅಡ್ಡಕೊಂಡಿಯ ಬಗ್ಗೆ ಇನ್ನೊಂದೇ ಮಾತು. ಕುಕ್ಕರಿನ ಹಿಡಿ ನೋಡಿ. ಅದು ಬೇಕಲೈಟ್ ಜಾತಿಯದು. 1907ರಲ್ಲಿ ಬೇಕ್‌ಲ್ಯಾಂಡ್ ಎಂಬವರು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ್ದು. ಹಳೆಯ ರೇಡಿಯೊ ಪೆಟ್ಟಿಗೆಗಳು ಎಷ್ಟೋ ಇದರವೇ. ಇದರಲ್ಲಿ ಎಲ್ಲ ಕಡೆಗೂ ಕೊಂಡಿ. ಎಳೆ ಎಂದು ಬಿಡಿಸಿ ತೋರಿಸಲು ಒಂದೂ ಉಳಿದಿಲ್ಲ. ಹಿಡಿ ಪೂರ್ತಿ ಒಂದೇ ಅಣು ಎಂದರೂ ಸಲ್ಲುತ್ತದೆ. ಬೆಂಕಿಗೆ ಹಿಡಿದರೆ ಕರಗದೆ ಸುಟ್ಟು ಕರಕಲಾಗುತ್ತದೆ. ಆದ್ದರಿಂದ ಮುರಿದ ಕುಕ್ಕರ್ ಹಿಡಿಯನ್ನು ಕರಗಿಸಿ ಇನ್ನೊಂದು ಹಿಡಿ ಮಾಡಲಾಗದು. ಟಯರಿಗೂ ಇದೇ ಕಷ್ಟ. ಪ್ಲಾಸ್ಟಿಕ್ ಬಕೆಟ್ಟನ್ನಾದರೆ ಕರಗಿಸಿ ಮತ್ತೆ ಮಾಡಬಹುದು.

ಎಳೆ ತುಂಡಾದರೆ ಏನಾಗುತ್ತದೆ ಎಂಬುದು ಕೊನೆಯ ಮಾತು. ಅಂಗಳದಲ್ಲಿ ಎರಡು ಬೇಸಿಗೆ ಕಳೆದ ಬಕೆಟ್ಟು ಒಂದು ದಿನ ಹಿಡಿ ಎತ್ತಿದಾಗ ಚಕ್ಕೆಯಾಗಿ ಒಡೆಯುತ್ತದೆ. ಬಿಸಿಲಿನ ನೇರಳಾತೀತ ಕಿರಣ ಎಳೆಗಳನ್ನು ಅಲ್ಲಲ್ಲಿ ಕತ್ತರಿಸಿರುತ್ತದೆ. ಚಮಚ ತಗುಲಿದ ಶಾವಿಗೆ. ತಾರಸಿಯ ಮೇಲಿನ ನೀರಿನ ಟ್ಯಾಂಕು ಹೆಚ್ಚಾಗಿ ಕಪ್ಪಗಿರುವುದು ಇದೇ ಕಾರಣಕ್ಕೆ. ನೂರಕ್ಕೆ ಒಂದೆರಡು ಪಾಲು ಇಂಗಾಲದ ಮಸಿ ಬೆರೆಸಿರುತ್ತಾರೆ. ಆ ಮಸಿ ಕಿರಣವನ್ನು ಮೇಲ್ಮೈಯಲ್ಲೇ ತಡೆಯುತ್ತದೆ.

ಆದರೆ ಬಿಸಿಲು ಕತ್ತರಿಸಿದ್ದು ಮಣ್ಣಾಗುವುದಿಲ್ಲ. ಸಣ್ಣ ಚೂರಾಗುತ್ತದೆ, ಅಷ್ಟೇ. ಮಣ್ಣಾಗಬೇಕಾದರೆ ಸೂಕ್ಷ್ಮಜೀವಿಗಳ ಕಿಣ್ವಕ್ಕೆ ಎಳೆಯಲ್ಲಿ ಹಿಡಿದುಕೊಳ್ಳಲು ಒಂದು ಜಾಗ ಬೇಕು. ಹುಲ್ಲಿನಲ್ಲಿ ಅಂಥ ಜಾಗ ಹೆಜ್ಜೆಹೆಜ್ಜೆಗೂ ಇದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಕತ್ತರಿಸಿ ಅರಗಿಸುತ್ತವೆ. ಅದೇ ಹಸು ಬೀದಿಯಲ್ಲಿ ನುಂಗಿದ ಪಾಲಿಥಿನ್ ಅದೇ ಹೊಟ್ಟೆಯಲ್ಲಿ ಗಂಟಾಗಿ ಕೂರುತ್ತದೆ. ಪಶುವೈದ್ಯರು ಹೊಟ್ಟೆ ಕೊಯ್ದು ತೆಗೆಯುತ್ತಾರೆ. ಪಾಲಿಥಿನ್ ಎಳೆ ಉದ್ದಕ್ಕೂ ಇಂಗಾಲಕ್ಕೆ ಇಂಗಾಲ, ಕಿಣ್ವಕ್ಕೆ ಹಿಡಿ ಸಿಗದು. ನೀರಿನ ಬಾಟಲಿಯ ಎಳೆಯಲ್ಲಿ ನಡುನಡುವೆ ಆಮ್ಲಜನಕ ಇದೆ. ಅದನ್ನು ನಿಧಾನವಾಗಿ ಕತ್ತರಿಸಬಲ್ಲ ಒಂದು ಬ್ಯಾಕ್ಟೀರಿಯಾವನ್ನು ಜಪಾನಿನ ವಿಜ್ಞಾನಿಗಳು ಸಕಾಯ್ ನಗರದಲ್ಲಿ ಪತ್ತೆಮಾಡಿ 2016ರಲ್ಲಿ ಪ್ರಕಟಿಸಿದರು.

ಸದ್ಯಕ್ಕೆ ನಮ್ಮ ಊರುಗಳಲ್ಲಿ ಈ ಎಳೆಗಳ ಲೆಕ್ಕ ಇಟ್ಟಿರುವವರು ಗುಜರಿಯವರು. ಬಾಟಲಿ, ಮುಚ್ಚಳ ಎರಡನ್ನೂ ಚೂರು ಮಾಡಿ ನೀರಿಗೆ ಹಾಕಿದರೆ ಮುಚ್ಚಳದ ಚೂರು ತೇಲುತ್ತದೆ, ಬಾಟಲಿಯ ಚೂರು ಮುಳುಗುತ್ತದೆ. ಅಲ್ಲಿಗೆ ಎರಡು ಬೇರೆಯಾದವು. ಕರಗಿಸುವಾಗ ಪ್ರತಿ ಸಲವೂ ಎಳೆಗಳು ಒಂದಿಷ್ಟು ತುಂಡಾಗುತ್ತವೆ. ಅದಕ್ಕೇ ಮರುಬಳಕೆಯ ಪ್ಲಾಸ್ಟಿಕ್ಕಿಗೆ ಹೊಸದರ ಗಟ್ಟಿತನ ಇರುವುದಿಲ್ಲ, ಬೆಲೆಯೂ ಇಲ್ಲ. ಎಲ್ಲಕ್ಕಿಂತ ಕಾಟದ್ದು ಪಿವಿಸಿ ಎಂಬ ಪ್ಲಾಸ್ಟಿಕ್. ಅದೂ ನೀರಿನಲ್ಲಿ ಮುಳುಗುವುದರಿಂದ ಬಾಟಲಿಯ ಚೂರಿನ ಜೊತೆಗೇ ತಳ ಸೇರುತ್ತದೆ. ಕಾಯಿಸಿದಾಗ ಆಮ್ಲ ಬಿಡುತ್ತದೆ. ಆ ಆಮ್ಲ ಬಾಟಲಿಯ ಎಳೆಗಳನ್ನು ಕತ್ತರಿಸಿ ಇಡೀ ರಾಶಿಯನ್ನು ಕೆಡಿಸುತ್ತದೆ. ಹಾಗಾಗಿ ಚೂರು ಮಾಡುವ ಮೊದಲೇ ಕೈಯಲ್ಲಿ ಆರಿಸಬೇಕು. ಅನುಮಾನ ಬಂದ ಬಾಟಲಿಯನ್ನು ಮಡಿಸಿ ನೋಡಬಹುದು. ಮಡಿಸಿದ ಜಾಗದಲ್ಲಿ ಬಿಳಿ ಗೆರೆ ಎದ್ದರೆ ಪಿವಿಸಿ ಇರಬೇಕೆಂದು ಬೇರೆ ಇಡುತ್ತಾರೆ.